ಕಾರ್-ಟಿ ಚಿಕಿತ್ಸೆ: ರೋಗಿಯ ಜೀವಕೋಶವೇ ಔಷಧವಾಗುವ ಬಗೆ, ಅದು ಎಡವುವ ಕಡೆಗಳು

ಕೀಮೋ ಔಷಧ ದೇಹಕ್ಕೆ ಸೇರಿದ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ ಹೊರಹೋಗುತ್ತದೆ. ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಕೊಡುವ ಕಾರ್-ಟಿ ಚಿಕಿತ್ಸೆಯಲ್ಲಿ ಡ್ರಿಪ್ ಮೂಲಕ ಹರಿಸುವುದು, ರೋಗಿಯದೇ ರಕ್ತದಿಂದ ತೆಗೆದು ಹೊಸ ಜೀನು ಸೇರಿಸಿದ ಜೀವಂತ ಕೋಶಗಳನ್ನು. ಅವು ಒಳಗೆ ಹೋದ ಮೇಲೆ ಹೆಚ್ಚಾಗುತ್ತವೆ, ಗುರಿಯನ್ನು ಹುಡುಕಿ ಕೊಲ್ಲುತ್ತವೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. 2010ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಈ ಚಿಕಿತ್ಸೆ ಪಡೆದ ಇಬ್ಬರು ಲುಕೇಮಿಯಾ (ಬಿಳಿ ರಕ್ತಕಣಗಳ ಕ್ಯಾನ್ಸರ್) ರೋಗಿಗಳ ರಕ್ತದಲ್ಲಿ ಹತ್ತು ವರ್ಷಗಳ ನಂತರವೂ ಅದೇ ಕೋಶಗಳು ಸಿಕ್ಕಿದವು. ಗುಣವಾಗುವುದಕ್ಕೂ ಅಪಾಯಕ್ಕೂ ಮೂಲ ಒಂದೇ, ಈ ಔಷಧ ಬೆಳೆಯುತ್ತದೆ. ಅದು ಎಷ್ಟು ಬೆಳೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು, ರಕ್ತದಿಂದ ಸಂಗ್ರಹಿಸಿದ ದಿನ ರೋಗಿಯ ಟಿ ಕೋಶಗಳು ಯಾವ ಸ್ಥಿತಿಯಲ್ಲಿದ್ದವು ಎಂಬುದು. ಮುಂದೆ ಬರುವ ಪ್ರತಿ ಹಂತದಲ್ಲೂ ಈ ಮಾತು ಮತ್ತೆ ಎದುರಾಗುತ್ತದೆ.

ಟಿ ಕೋಶ ನಮ್ಮ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ವೈರಸ್ ಹೊಕ್ಕ ಕೋಶವನ್ನೋ ಕೆಟ್ಟ ಕೋಶವನ್ನೋ ಗುರುತಿಸಿ ನೇರವಾಗಿ ಕೊಲ್ಲುವುದು ಅದರ ಕೆಲಸ. ಆದರೆ ಅದು ಎದುರಿನ ಕೋಶವನ್ನು ಇಡಿಯಾಗಿ ನೋಡುವುದಿಲ್ಲ. ಪ್ರತಿ ಕೋಶವೂ ತನ್ನೊಳಗಿನ ಪ್ರೋಟೀನುಗಳ ಚೂರುಗಳನ್ನು ಎಚ್‌ಎಲ್‌ಎ ಎಂಬ ಅಣುವಿನ ಮೇಲಿಟ್ಟು ಹೊರಗೆ ತೋರಿಸುತ್ತಿರುತ್ತದೆ. ಟಿ ಕೋಶದ ಗ್ರಾಹಕ ಓದುವುದು ಆ ಚೂರನ್ನು ಮಾತ್ರ. ಅನೇಕ ಕ್ಯಾನ್ಸರ್ ಕೋಶಗಳು ಎಚ್‌ಎಲ್‌ಎಯನ್ನೇ ಕಡಿಮೆ ಮಾಡಿಕೊಂಡು ಕಣ್ಣಿಗೆ ಬೀಳದೆ ಉಳಿಯುತ್ತವೆ. ಹಾಗಾದರೆ ಎಚ್‌ಎಲ್‌ಎಯ ಗೊಡವೆಯೇ ಬೇಡ, ಕೋಶದ ಹೊರಮೈಯಲ್ಲಿರುವ ಪ್ರೋಟೀನನ್ನು ನೇರವಾಗಿ ಹಿಡಿಯುವ ಗ್ರಾಹಕವನ್ನು ಟಿ ಕೋಶಕ್ಕೆ ಕೂರಿಸೋಣ ಎಂಬ ಯೋಚನೆಯಿಂದ ಹುಟ್ಟಿದ್ದು ಕಾರ್ (ಕೈಮೆರಿಕ್ ಆಂಟಿಜೆನ್ ರಿಸೆಪ್ಟರ್), ಬೇರೆ ಬೇರೆ ಪ್ರೋಟೀನುಗಳ ತುಂಡು ಜೋಡಿಸಿ ಮಾಡಿದ ಗ್ರಾಹಕ. 1989ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೆಲಿಗ್ ಎಶ್ಶಾರ್ ಮತ್ತು ಸಂಗಡಿಗರು ಪ್ರತಿಕಾಯದ ತುದಿಯನ್ನು ಟಿ ಕೋಶದ ಗ್ರಾಹಕಕ್ಕೆ ಜೋಡಿಸಿ, ಅದು ಕೆಲಸ ಮಾಡುತ್ತದೆಂದು ತೋರಿಸಿದರು.

ಕಾರ್‌ನ ಭಾಗಗಳು

ಹೊರಗಿನಿಂದ ಒಳಕ್ಕೆ ನೋಡುತ್ತ ಹೋದರೆ ಮೊದಲು ಸಿಗುವುದು ಪ್ರತಿಕಾಯದ ಭಾರಿ ಮತ್ತು ಹಗುರ ಸರಪಳಿಗಳ ತುದಿಗಳನ್ನು ಸಣ್ಣ ಕೊಂಡಿಯಿಂದ ಸೇರಿಸಿ ಮಾಡಿದ ಹಿಡಿಯುವ ಭಾಗ. ಅದರ ಕೆಳಗೆ ಬಾಗಲು ಅನುವಾಗುವ ಕೀಲು, ಆಮೇಲೆ ಕೋಶದ ಪೊರೆಯನ್ನು ದಾಟುವ ತುಂಡು. ಪೊರೆಯ ಒಳಬದಿಗೆ ಎರಡು ಸಂಕೇತ ಭಾಗಗಳಿವೆ. ಸಿಡಿ3-ಜೀಟಾ ಎಂಬುದು ‘ಕೊಲ್ಲು’ ಎಂಬ ಆದೇಶ ಹೊರಡಿಸುತ್ತದೆ. ಅದೊಂದೇ ಇದ್ದ ಮೊದಲ ತಲೆಮಾರಿನ ಕಾರ್‌ಗಳು ಪ್ರಯೋಗಾಲಯದಲ್ಲಿ ಕೊಂದವು, ರೋಗಿಗಳ ದೇಹದಲ್ಲಿ ಬಹುಬೇಗ ಬತ್ತಿಹೋದವು. ಟಿ ಕೋಶ ಬದುಕಿ ಬೆಳೆಯಲು ಜೊತೆಗೊಂದು ಎರಡನೇ ಸಂಕೇತ ಬೇಕು. ಅದಕ್ಕಾಗಿ ಸಿಡಿ28 ಅಥವಾ 4-1ಬಿಬಿ ಎಂಬ ಪ್ರೋಟೀನಿನ ಒಳಭಾಗವನ್ನು ಸೇರಿಸಿದರು. ಸಿಡಿ28 ಇರುವ ಕಾರ್ ಬೇಗ ಉಕ್ಕಿ ಬೇಗ ಇಳಿಯುತ್ತದೆ. 4-1ಬಿಬಿ ಇರುವುದು ನಿಧಾನವಾಗಿ ಏರಿ ಹೆಚ್ಚು ಕಾಲ ಉಳಿಯುತ್ತದೆ. ಹತ್ತು ವರ್ಷ ಉಳಿದ ಆ ಕೋಶಗಳಲ್ಲಿ ಇದ್ದದ್ದು 4-1ಬಿಬಿ.

ಯಾವ ಪ್ರೋಟೀನನ್ನು ಗುರಿಯಾಗಿಸಬೇಕು ಎಂಬುದು ರಚನೆಗಿಂತ ದೊಡ್ಡ ಪ್ರಶ್ನೆ. ಪ್ರತಿಕಾಯ ತಯಾರಿಕೆಗೆ ಮೂಲವಾದ ಬಿಳಿ ಕಣವೇ ಬಿ ಕೋಶ. ಅದರ ಲುಕೇಮಿಯಾ, ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್)ಗಳಲ್ಲಿ ಸಿಡಿ19 ಎಂಬ ಪ್ರೋಟೀನನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಬಿ ಕೋಶ ಎಳೆಯದಾಗಿದ್ದಾಗಿನಿಂದ ಪಕ್ವವಾಗುವವರೆಗೂ ಅದು ಹೊರಮೈಯಲ್ಲಿರುತ್ತದೆ. ಅಸ್ಥಿಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕಾಂಡಕೋಶಗಳಲ್ಲಿ ಇರುವುದಿಲ್ಲ. ಕಾರ್-ಟಿ ಕೋಶಗಳು ರೋಗದ ಜೊತೆ ಆರೋಗ್ಯವಂತ ಬಿ ಕೋಶಗಳನ್ನೂ ಅಳಿಸಿಹಾಕುತ್ತವೆ, ಆದರೆ ಬಿ ಕೋಶವಿಲ್ಲದೆ ಮನುಷ್ಯ ಬದುಕಬಲ್ಲ. ಹೃದಯ, ಶ್ವಾಸಕೋಶಗಳ ವಿಷಯದಲ್ಲಿ ಈ ರಿಯಾಯಿತಿ ಇಲ್ಲ. 2010ರಲ್ಲಿ ವರದಿಯಾದ ಅಮೆರಿಕದ ಒಂದು ಪ್ರಕರಣದಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್ ಹರಡಿದ್ದ ರೋಗಿಗೆ ಹೆರ್2 ಎಂಬ ಪ್ರೋಟೀನನ್ನು ಹಿಡಿಯುವ 1000 ಕೋಟಿ ಕಾರ್-ಟಿ ಕೋಶಗಳನ್ನು ಕೊಟ್ಟರು. ಹದಿನೈದು ನಿಮಿಷದೊಳಗೆ ಉಸಿರಾಟ ಕೆಟ್ಟಿತು, ಐದು ದಿನಗಳಲ್ಲಿ ರೋಗಿ ತೀರಿಕೊಂಡರು. ಶ್ವಾಸಕೋಶದ ಒಳಪದರದ ಕೋಶಗಳಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿ ಇರುವ ಹೆರ್2 ಅನ್ನೂ ಆ ಕೋಶಗಳು ಬಿಟ್ಟಿರಲಿಲ್ಲ. ಗಟ್ಟಿ ಗಡ್ಡೆಗಳ ಕ್ಯಾನ್ಸರ್‌ಗಳಲ್ಲಿ ಕಾರ್-ಟಿ ಇನ್ನೂ ತಡವರಿಸುತ್ತಿರಲು ಮುಖ್ಯ ಕಾರಣಗಳಲ್ಲಿ ಇದೊಂದು. ಗಡ್ಡೆಯಲ್ಲಿ ಮಾತ್ರ ಇದ್ದು ಬೇರೆಲ್ಲೂ ಇಲ್ಲದ ಪ್ರೋಟೀನು ಸಿಗುವುದು ಬಲು ಅಪರೂಪ.

ಸಂಗ್ರಹದ ದಿನ

ಮೊದಲ ಹಂತ ಲ್ಯೂಕಾಫೆರೆಸಿಸ್, ಅಂದರೆ ರಕ್ತದಿಂದ ಬಿಳಿ ಕಣಗಳನ್ನು ಬೇರ್ಪಡಿಸಿ ತೆಗೆಯುವುದು. ಒಂದು ದಾರಿಯಿಂದ ರಕ್ತ ಹೊರಬಂದು ಯಂತ್ರದಲ್ಲಿ ತಿರುಗುತ್ತದೆ, ತೂಕದ ಪ್ರಕಾರ ಪದರಗಳಾಗಿ ಬೇರ್ಪಡುತ್ತದೆ. ಬಿಳಿ ಕಣಗಳ ಪದರವನ್ನು ಮಾತ್ರ ಚೀಲಕ್ಕೆ ತೆಗೆದುಕೊಂಡು ಉಳಿದದ್ದನ್ನು ಇನ್ನೊಂದು ದಾರಿಯಿಂದ ದೇಹಕ್ಕೆ ಮರಳಿಸುತ್ತಾರೆ. ಮೂರರಿಂದ ಆರು ಗಂಟೆ ಹಿಡಿಯುತ್ತದೆ. ದೊಡ್ಡವರಲ್ಲಿ 10ರಿಂದ 15 ಲೀಟರ್ ರಕ್ತ ಯಂತ್ರದ ಮೂಲಕ ಹಾದುಹೋಗುತ್ತದೆ, ಅಂದರೆ ಮೈಯಲ್ಲಿರುವ ರಕ್ತ ಎರಡು ಮೂರು ಸುತ್ತು ಬಂದಂತೆ. ಕೊಳವೆಯಲ್ಲಿ ಹೆಪ್ಪುಗಟ್ಟದಿರಲಿ ಎಂದು ಸಿಟ್ರೇಟ್ ಬೆರೆಸುತ್ತಾರೆ. ಅದು ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ. ರೋಗಿ ಇದನ್ನು ತಕ್ಷಣ ಹೇಳಬೇಕು. ವೇಗ ತಗ್ಗಿಸಿ ಕ್ಯಾಲ್ಸಿಯಂ ಗ್ಲೂಕೊನೇಟ್ ಕೊಟ್ಟರೆ ಸರಿಹೋಗುತ್ತದೆ. ಬಿಟ್ಟರೆ ಸ್ನಾಯು ಸೆಟೆಯುತ್ತದೆ, ಹೃದಯದ ಬಡಿತ ಏರುಪೇರಾಗುತ್ತದೆ.

ತಯಾರಿಕೆಗೆ ಸಾಮಾನ್ಯವಾಗಿ 100ರಿಂದ 200 ಕೋಟಿ ಟಿ ಕೋಶಗಳು ಬೇಕು. ರಕ್ತದಲ್ಲಿ ಲಿಂಫೊಸೈಟ್ (ಟಿ, ಬಿ ಕೋಶಗಳು ಸೇರಿದ ಬಿಳಿ ಕಣಗಳ ಗುಂಪು) ಎಣಿಕೆ ಒಂದು ಮೈಕ್ರೋಲೀಟರಿಗೆ 500ಕ್ಕಿಂತ ಕೆಳಗಿದ್ದರೆ ಅಷ್ಟು ಸಿಗುವುದು ಕಷ್ಟ. ಸ್ಟಿರಾಯ್ಡ್ ಟಿ ಕೋಶಗಳನ್ನು ಸಾಯಿಸುತ್ತದೆ, ಹಾಗಾಗಿ ಸಂಗ್ರಹಕ್ಕೆ ಕನಿಷ್ಠ ಮೂರು ದಿನ ಮೊದಲು, ಸಾಧ್ಯವಾದರೆ ಒಂದು ವಾರ ಮೊದಲು ಅದನ್ನು ನಿಲ್ಲಿಸಿರಬೇಕು. ಬೆಂಡಾಮಸ್ಟಿನ್‌ನಂಥ ಕೀಮೋ ಔಷಧ ಇತ್ತೀಚೆಗೆ ಪಡೆದಿದ್ದರೆ ಟಿ ಕೋಶಗಳ ಸಂಖ್ಯೆಯೂ ಗುಣವೂ ತಿಂಗಳುಗಟ್ಟಲೆ ಕುಗ್ಗಿರುತ್ತವೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಾಲ್ಕೈದು ಬಗೆಯ ಕೀಮೋ ಮುಗಿದು ಬೇರೆ ದಾರಿ ಇಲ್ಲವಾದ ಮೇಲೆ ಕಾರ್-ಟಿಗೆ ಕಳಿಸುವ ರೂಢಿ ಇದೆ. ಅಷ್ಟರಲ್ಲಿ ಟಿ ಕೋಶಗಳು ಸೋತುಹೋಗಿರುತ್ತವೆ. ಎಳೆಯ, ನೆನಪು ಉಳಿಸಿಕೊಳ್ಳುವ ಬಗೆಯ ಟಿ ಕೋಶಗಳು ಹೆಚ್ಚಿದ್ದಷ್ಟೂ ಅವು ದೇಹದಲ್ಲಿ ಚೆನ್ನಾಗಿ ಬೆಳೆಯುತ್ತವೆ, ಪ್ರತಿ ಸುತ್ತಿನ ಕೀಮೋ ಮೊದಲು ಕಳೆಯುವುದು ಆ ಬಗೆಯನ್ನೇ. ಕಾರ್-ಟಿ ಬೇಕಾಗಬಹುದು ಎಂಬ ಅನುಮಾನ ಬಂದ ಕೂಡಲೇ ತಜ್ಞರನ್ನು ಕಾಣುವುದು, ಸಂಗ್ರಹ ಮುಗಿಯುವವರೆಗೆ ಟಿ ಕೋಶಕ್ಕೆ ಪೆಟ್ಟು ಕೊಡುವ ಔಷಧಗಳನ್ನು ಮುಂದಕ್ಕೆ ಹಾಕಬಹುದೇ ಎಂದು ಕೇಳುವುದು ರೋಗಿಯ ಮನೆಯವರ ಕೈಯಲ್ಲಿದೆ.

ತಯಾರಿಕಾ ಕೋಣೆಯಲ್ಲಿ

ಸಂಗ್ರಹಿಸಿದ ಚೀಲದಲ್ಲಿ ಟಿ ಕೋಶಗಳ ಜೊತೆ ಮೊನೊಸೈಟ್, ಬಿ ಕೋಶ, ಕೆಲವೊಮ್ಮೆ ಕ್ಯಾನ್ಸರ್ ಕೋಶಗಳೂ ಇರುತ್ತವೆ. ತೊಳೆದು, ಟಿ ಕೋಶಗಳನ್ನು ಆರಿಸಿಕೊಂಡು, ಮೊದಲು ಅವನ್ನು ಎಚ್ಚರಿಸುತ್ತಾರೆ. ಸಿಡಿ3 ಮತ್ತು ಸಿಡಿ28 ಪ್ರತಿಕಾಯಗಳನ್ನು ಹೊದಿಸಿದ ಸಣ್ಣ ಕಾಂತೀಯ ಮಣಿಗಳು ಟಿ ಕೋಶಕ್ಕೆ ಶತ್ರು ಎದುರಾದಂತೆ ಭಾಸ ಮಾಡುತ್ತವೆ. ಒಂದು ಕೋಶಕ್ಕೆ ಮೂರು ಮಣಿ ಎಂಬುದು ರೂಢಿಯ ಪ್ರಮಾಣ. ಕೋಶ ಹಿಗ್ಗುತ್ತದೆ, ವಿಭಜನೆಗೆ ಸಿದ್ಧವಾಗುತ್ತದೆ. ನಿದ್ದೆಯಲ್ಲಿರುವ ಟಿ ಕೋಶದೊಳಗೆ ವೈರಸ್ ಸುಲಭವಾಗಿ ಇಳಿಯುವುದಿಲ್ಲ, ಎಚ್ಚರಿಸುವುದು ಅದಕ್ಕಾಗಿಯೇ.

ಒಂದು ದಿನ ಕಳೆದ ಮೇಲೆ ಲೆಂಟಿವೈರಸ್ ಸೇರಿಸುತ್ತಾರೆ. ಇದರ ಮೂಲ ಎಚ್‌ಐವಿ ಎಂದರೆ ಬಹಳ ಜನ ಹೌಹಾರುತ್ತಾರೆ. ರೋಗ ತರುವ, ಮರಿ ಹಾಕುವ ಜೀನುಗಳನ್ನೆಲ್ಲ ಕಿತ್ತು, ಕೋಶದ ಡಿಎನ್‌ಎಗೆ ಜೀನನ್ನು ಕೂಡಿಸುವ ಸಾಮರ್ಥ್ಯವನ್ನು ಮಾತ್ರ ಉಳಿಸಿಕೊಂಡ ವಾಹಕವಿದು. ಇದನ್ನು ತಯಾರಿಸುವಾಗ ಬೇಕಾದ ಜೀನುಗಳನ್ನು ಮೂರೋ ನಾಲ್ಕೋ ಬೇರೆ ಬೇರೆ ಡಿಎನ್‌ಎ ಉಂಗುರಗಳಲ್ಲಿ ಹಂಚಿಟ್ಟಿರುತ್ತಾರೆ, ಹಾಗಾಗಿ ಅವೆಲ್ಲ ಒಟ್ಟುಗೂಡಿ ಮತ್ತೆ ಹರಡಬಲ್ಲ ವೈರಸ್ ಆಗುವ ಸಂಭವ ತೀರಾ ಕಡಿಮೆ. ಆದರೂ ತಯಾರಾದ ಪ್ರತಿ ಬ್ಯಾಚಿನಲ್ಲೂ ಅದಕ್ಕೆ ಪರೀಕ್ಷೆ ನಡೆಯುತ್ತದೆ. ವಾಹಕ ಕಡಿಮೆಯಾದರೆ ಕಾರ್ ಹೊತ್ತ ಕೋಶಗಳು ಸಾಲದಾಗುತ್ತವೆ. ಹೆಚ್ಚಾದರೆ ಒಂದೊಂದು ಕೋಶದ ಡಿಎನ್‌ಎಯಲ್ಲಿ ಹಲವು ಕಡೆ ಜೀನು ಕೂರುತ್ತದೆ, ಎಲ್ಲೋ ಒಂದು ಕಡೆ ಬೆಳವಣಿಗೆಯನ್ನು ಹಿಡಿತದಲ್ಲಿಡುವ ಜೀನನ್ನು ಕೆಡಿಸಬಹುದು. ಹಾಗಾಗಿ ಕೋಶವೊಂದಕ್ಕೆ ಸರಾಸರಿ ಜೀನಿನ ಐದು ಪ್ರತಿಗಿಂತ ಕಡಿಮೆ ಇರಬೇಕೆಂಬುದು ಸಾಮಾನ್ಯ ಮಿತಿ.

ಆಮೇಲೆ 37 ಡಿಗ್ರಿ ಶಾಖದಲ್ಲಿ, 5% ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನಲ್ಲಿ ಏಳರಿಂದ ಹತ್ತು ದಿನ ಬೆಳೆಸುತ್ತಾರೆ. ಐಎಲ್-2, ಅಥವಾ ಐಎಲ್-7 ಮತ್ತು ಐಎಲ್-15 ಎಂಬ ಬೆಳವಣಿಗೆಯ ಸಂಕೇತಗಳನ್ನು ಮಾಧ್ಯಮಕ್ಕೆ ಹಾಕುತ್ತಾರೆ. ಹೆಚ್ಚು ದಿನ ಬೆಳೆಸಿದರೆ ಸಂಖ್ಯೆ ಏರುತ್ತದೆ, ಆದರೆ ಕೋಶಗಳು ಮುಪ್ಪಾಗುತ್ತವೆ. ಅನುಭವ ಬೆಳೆದಂತೆಲ್ಲ ಈ ಅವಧಿಯನ್ನು ಕಡಿಮೆ ಮಾಡುತ್ತ ಬಂದಿದ್ದಾರೆ. ಕೊನೆಯಲ್ಲಿ ಅಯಸ್ಕಾಂತದಿಂದ ಮಣಿಗಳನ್ನು ಎಳೆದು, ಹೆಪ್ಪುಗಟ್ಟುವಾಗ ಕೋಶವನ್ನು ಕಾಯುವ ಡಿಎಂಎಸ್‌ಒ ಎಂಬ ದ್ರವ ಬೆರೆಸಿ, ನಿಧಾನವಾಗಿ ತಂಪು ಮಾಡಿ, ದ್ರವ ಸಾರಜನಕದ ಆವಿಯಲ್ಲಿ ಇಡುತ್ತಾರೆ. ಬೇಗ ತಂಪು ಮಾಡಿದರೆ ಕೋಶದೊಳಗೆ ಮಂಜಿನ ಹರಳು ಕಟ್ಟಿ ಪೊರೆ ಹರಿಯುತ್ತದೆ.

ಬಿಡುಗಡೆಗೆ ಮೊದಲು ಜೀವಂತ ಕೋಶಗಳ ಪ್ರಮಾಣ (ಸಾಮಾನ್ಯವಾಗಿ 70 ಅಥವಾ 80%ಕ್ಕಿಂತ ಹೆಚ್ಚು), ಕಾರ್ ಹೊತ್ತ ಕೋಶಗಳ ಪಾಲು, ಬ್ಯಾಕ್ಟೀರಿಯಾ, ಮೈಕೊಪ್ಲಾಸ್ಮಾ, ಎಂಡೋಟಾಕ್ಸಿನ್ ಎಲ್ಲವನ್ನೂ ನೋಡುತ್ತಾರೆ. ಕಲ್ಮಶ ಹೊಕ್ಕರೆ ಆ ಚೀಲ ಹೋಯಿತು. ಕೀಮೋ ಗುಳಿಗೆಯಲ್ಲಾದರೆ ಇನ್ನೊಂದು ಪೆಟ್ಟಿಗೆ ತೆಗೆದುಕೊಳ್ಳಬಹುದು. ಇಲ್ಲಿ ರೋಗಿಯನ್ನು ಮತ್ತೆ ಯಂತ್ರಕ್ಕೆ ಕೂರಿಸಬೇಕು, ಅಷ್ಟರಲ್ಲಿ ರೋಗ ಮುಂದೆ ಓಡಿರುತ್ತದೆ.

ಚೀಲವನ್ನು ಎಷ್ಟು ಶುದ್ಧವಾಗಿ ಆರಿಸಬೇಕು ಎಂಬುದಕ್ಕೆ 2018ರಲ್ಲಿ ಪ್ರಕಟವಾದ ಒಂದು ಪ್ರಕರಣ ಕಣ್ಣು ತೆರೆಸಿತು. ಕಾರ್-ಟಿ ಪಡೆದು ಪೂರ್ತಿ ಚೇತರಿಸಿಕೊಂಡಿದ್ದ ಯುವ ರೋಗಿಯೊಬ್ಬರಿಗೆ ಒಂಬತ್ತು ತಿಂಗಳ ಆಸುಪಾಸಿನಲ್ಲಿ ಲುಕೇಮಿಯಾ ಮರಳಿತು. ಮರಳಿದ ಕ್ಯಾನ್ಸರ್ ಕೋಶಗಳ ಮೈಮೇಲೆಯೇ ಕಾರ್ ಇತ್ತು! ತಯಾರಿಕೆಯ ಹೊತ್ತಿಗೆ ಚೀಲದಲ್ಲಿ ಉಳಿದಿದ್ದ ಒಂದೇ ಒಂದು ಲುಕೇಮಿಯಾ ಕೋಶಕ್ಕೂ ವಾಹಕ ಹೊಕ್ಕಿತ್ತು. ಅದು ತಯಾರಿಸಿದ ಕಾರ್ ತನ್ನದೇ ಮೈಯ ಸಿಡಿ19ಗೆ ಅಂಟಿಕೊಂಡು ಅದನ್ನು ಮುಚ್ಚಿಬಿಟ್ಟಿತು, ಕಾರ್-ಟಿ ಕೋಶಗಳಿಗೆ ಗುರಿಯೇ ಕಾಣದಾಯಿತು. ಆ ಒಂದು ಕೋಶದ ಸಂತತಿಯೇ ಪೂರ್ತಿ ರೋಗವಾಗಿ ಬೆಳೆಯಿತು.

ಜಾಗ ಮಾಡಿಕೊಡುವುದು, ಆಮೇಲೆ ಹರಿಸುವುದು

ಚೀಲ ಬಂದ ತಕ್ಷಣ ಹರಿಸುವುದಿಲ್ಲ. ಮೊದಲು ಮೂರು ದಿನ ಫ್ಲುಡರಾಬಿನ್ ಮತ್ತು ಸೈಕ್ಲೊಫಾಸ್ಫಮೈಡ್ ಎಂಬ ಕೀಮೋ ಔಷಧಗಳನ್ನು ಕೊಡುತ್ತಾರೆ. ಹೆಚ್ಚಾಗಿ ಬಳಸುವ ಪ್ರಮಾಣ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ ಕ್ರಮವಾಗಿ 30 ಮತ್ತು 500 ಮಿಲಿಗ್ರಾಂ. ನಾಟಿಗೆ ಮೊದಲು ಗದ್ದೆಯ ಕಳೆ ತೆಗೆದು ಹದ ಮಾಡುವ ಕೆಲಸವಿದು. ದೇಹದಲ್ಲಿ ಈಗಾಗಲೇ ಇರುವ ಲಿಂಫೊಸೈಟುಗಳು ಐಎಲ್-7, ಐಎಲ್-15 ಸಂಕೇತಗಳನ್ನು ಹೀರಿಕೊಳ್ಳುತ್ತಿರುತ್ತವೆ. ಅವು ತೆರವಾದರೆ ಹೊಸ ಕೋಶಗಳಿಗೆ ಅದೆಲ್ಲ ಸಿಗುತ್ತದೆ, ಅವನ್ನು ಪರಕೀಯವೆಂದು ತಿರಸ್ಕರಿಸುವ ಕೋಶಗಳೂ ಇರುವುದಿಲ್ಲ. ಫ್ಲುಡರಾಬಿನ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧ. ಮೂತ್ರಪಿಂಡ ದುರ್ಬಲವಾಗಿದ್ದರೆ ಪ್ರಮಾಣ ತಗ್ಗಿಸಲೇಬೇಕು, ಇಲ್ಲವಾದರೆ ಮೆದುಳಿಗೆ ವಿಷವಾಗುತ್ತದೆ.

ಹರಿಸುವ ಕೆಲಸ ನೋಡಲು ಬಹಳ ಸಣ್ಣದು. 37 ಡಿಗ್ರಿ ನೀರಿನಲ್ಲಿ ಚೀಲವನ್ನು ಕರಗಿಸಿ, ಹೆಸರು ಮತ್ತು ಗುರುತಿನ ಸಂಖ್ಯೆಯನ್ನು ಇಬ್ಬರು ಓದಿ ತಾಳೆ ನೋಡಿ, ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ಕರಗಿದ ಮೇಲೆ ಡಿಎಂಎಸ್‌ಒ ಕೋಶಗಳಿಗೆ ಹಾನಿ ಮಾಡತೊಡಗುವುದರಿಂದ ತಡ ಮಾಡುವಂತಿಲ್ಲ. ಅದೇ ಡಿಎಂಎಸ್‌ಒ ರೋಗಿಯ ಉಸಿರಿನಲ್ಲಿ ಬೆಳ್ಳುಳ್ಳಿಯಂಥ ವಾಸನೆಯಾಗಿ ಒಂದೆರಡು ದಿನ ಉಳಿಯುತ್ತದೆ. ರಕ್ತ ಕೊಡುವಾಗ ಬಿಳಿ ಕಣ ತಡೆಯಲು ಹಾಕುವ ಫಿಲ್ಟರನ್ನು ಇಲ್ಲಿ ಹಾಕಲೇಬಾರದು, ಔಷಧವೆಲ್ಲ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ಅಲರ್ಜಿ ತಡೆಗೆ ಪ್ಯಾರಾಸಿಟಮಾಲ್ ಮತ್ತು ಆಂಟಿಹಿಸ್ಟಮಿನ್ ಸಾಕು, ಸ್ಟಿರಾಯ್ಡ್ ಕೊಡುವುದಿಲ್ಲ. ಯೆಸ್‌ಕಾರ್ಟಾ ಎಂಬ ಕಾರ್-ಟಿ ಔಷಧದಲ್ಲಿ ಪ್ರಮಾಣ ದೇಹದ ತೂಕದ ಪ್ರತಿ ಕಿಲೋಗೆ 20 ಲಕ್ಷ ಕೋಶ, ಗರಿಷ್ಠ 20 ಕೋಟಿ.

ಮುಂದಿನ ಎರಡು ವಾರ

ನಿಜವಾದ ಡೋಸ್ ಆ ಚೀಲದಲ್ಲಿದ್ದದ್ದಲ್ಲ. ದೇಹದೊಳಗೆ ಕೋಶಗಳು ಸಾವಿರ ಪಟ್ಟು, ಅದಕ್ಕೂ ಮೀರಿ ಹೆಚ್ಚಬಲ್ಲವು. ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೇ ದಿನದೊಳಗೆ ಅವು ತುತ್ತತುದಿ ಮುಟ್ಟುತ್ತವೆ. ಎಷ್ಟು ಏರುತ್ತವೆ ಎಂಬುದಕ್ಕೆ ದೇಹದಲ್ಲಿರುವ ಕ್ಯಾನ್ಸರ್‌ನ ಪ್ರಮಾಣವೂ ಕಾರಣ. ಗುರಿ ಹೆಚ್ಚಿದ್ದಷ್ಟೂ ಪ್ರಚೋದನೆ ಹೆಚ್ಚು. ಸಂಗ್ರಹಕ್ಕೂ ಹರಿಸುವುದಕ್ಕೂ ನಡುವೆ ಕೀಮೋ ಕೊಟ್ಟು ರೋಗದ ಹೊರೆ ಇಳಿಸಿಕೊಂಡು ಬರುವುದು ಇದಕ್ಕಾಗಿ.

ಈ ಏರಿಕೆಯ ಜೊತೆ ಬರುವುದು ಸೈಟೊಕೈನ್ (ರೋಗನಿರೋಧಕ ಕೋಶಗಳು ಒಂದಕ್ಕೊಂದು ಕಳಿಸುವ ಸಂಕೇತ) ಬಿಡುಗಡೆಯ ತೊಂದರೆ, ವೈದ್ಯರು ಸಿಆರ್‌ಎಸ್ ಎನ್ನುತ್ತಾರೆ. ಕಾರ್-ಟಿ ಕೋಶ ಕೊಲ್ಲುವಾಗ ಇಂಟರ್ಫೆರಾನ್ ಮುಂತಾದ ಸಂಕೇತಗಳನ್ನು ಚೆಲ್ಲುತ್ತದೆ. ಅವು ಮ್ಯಾಕ್ರೊಫೇಜ್ ಎಂಬ ಇನ್ನೊಂದು ಬಗೆಯ ಕೋಶಗಳನ್ನು ಕೆರಳಿಸುತ್ತವೆ. ಐಎಲ್-6 ಮತ್ತು ಐಎಲ್-1 ಎಂಬ ಉರಿಯೂತದ ಸಂಕೇತಗಳು ಹೆಚ್ಚಾಗಿ ಸುರಿಯುವುದು ಈ ಮ್ಯಾಕ್ರೊಫೇಜುಗಳಿಂದ ಎಂದು 2018ರಲ್ಲಿ ಇಲಿಗಳ ಮೇಲಿನ ಎರಡು ಅಧ್ಯಯನಗಳು ತೋರಿಸಿದವು. ರಕ್ತನಾಳಗಳು ಸೋರತೊಡಗುತ್ತವೆ, ರಕ್ತದೊತ್ತಡ ಕುಸಿಯುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ ಒಂದನೇ ದರ್ಜೆ. ಒತ್ತಡ ಕುಸಿದು ಸಲೈನ್‌ಗೆ ಸುಧಾರಿಸಿದರೆ, ಅಥವಾ ಸ್ವಲ್ಪ ಆಮ್ಲಜನಕ ಬೇಕಾದರೆ ಎರಡನೆಯದು. ಒತ್ತಡ ಏರಿಸುವ ಔಷಧವೋ ಹೆಚ್ಚಿನ ಆಮ್ಲಜನಕವೋ ಬೇಕಾದರೆ ಮೂರನೆಯದು. ವೆಂಟಿಲೇಟರ್ ಅಥವಾ ಹಲವು ಒತ್ತಡದ ಔಷಧಗಳು ಬೇಕಾದರೆ ನಾಲ್ಕನೆಯದು.

ಇದಕ್ಕೆ ಮದ್ದು ಸಿಕ್ಕಿದ್ದು 2012ರ ಏಪ್ರಿಲ್‌ನಲ್ಲಿ, ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ. ಎಮಿಲಿ ವೈಟ್‌ಹೆಡ್ ಎಂಬ ಆರು ವರ್ಷದ ಹುಡುಗಿ ಕಾರ್-ಟಿ ಪಡೆದ ಮೊದಲ ಮಕ್ಕಳಲ್ಲಿ ಒಬ್ಬಳು. ಉರಿಜ್ವರ ಬಂದು ವೆಂಟಿಲೇಟರ್ ಸೇರಿದಳು. ರಕ್ತ ಪರೀಕ್ಷೆಯಲ್ಲಿ ಐಎಲ್-6 ವಿಪರೀತ ಏರಿರುವುದು ಕಂಡಿತು. ಸಂಧಿವಾತಕ್ಕೆ ಬಳಸುತ್ತಿದ್ದ ಟೊಸಿಲಿಜುಮಾಬ್ ಐಎಲ್-6ರ ಗ್ರಾಹಕವನ್ನು ಮುಚ್ಚುತ್ತದೆ ಎಂಬುದು ಗೊತ್ತಿದ್ದದ್ದರಿಂದ ಅದನ್ನೇ ಕೊಟ್ಟರು. ಕೆಲವೇ ಗಂಟೆಗಳಲ್ಲಿ ತಿರುವು ಕಂಡಿತು, ಲುಕೇಮಿಯಾವೂ ಹೋಯಿತು. ಈಗ ಟೊಸಿಲಿಜುಮಾಬ್‌ನ ಕನಿಷ್ಠ ಎರಡು ಡೋಸ್ ಕೈಯಲ್ಲಿಲ್ಲದೆ ಕಾರ್-ಟಿ ಹರಿಸುವುದಿಲ್ಲ. ಪ್ರಮಾಣ ಕಿಲೋಗೆ 8 ಮಿಲಿಗ್ರಾಂ, 30 ಕಿಲೋಗಿಂತ ಹಗುರವಾದ ಮಕ್ಕಳಿಗೆ 12.

ಜ್ವರ ಬಂದಾಗಲೆಲ್ಲ ಅದು ಸಿಆರ್‌ಎಸ್ ಎಂದು ಕೂರುವುದು ಅಪಾಯ. ಆ ಹೊತ್ತಿಗೆ ಬ್ಯಾಕ್ಟೀರಿಯಾಗಳೊಡನೆ ಹೋರಾಡುವ ನ್ಯೂಟ್ರೊಫಿಲ್ ಎಂಬ ಬಿಳಿ ಕಣಗಳು ಪಾತಾಳಕ್ಕಿಳಿದಿರುತ್ತವೆ, ಸೋಂಕೂ ಇದೇ ರೂಪದಲ್ಲಿ ಬರುತ್ತದೆ. ರಕ್ತದ ಕಲ್ಚರ್ ಕಳಿಸಿ ಆಂಟಿಬಯಾಟಿಕ್ ಶುರು ಮಾಡಿಯೇ ಮುಂದಿನ ಯೋಚನೆ. ಟೊಸಿಲಿಜುಮಾಬ್ ಕೊಟ್ಟ ಮೇಲೆ ರಕ್ತದಲ್ಲಿ ಉರಿಯೂತವನ್ನು ತೋರಿಸುವ ಸಿಆರ್‌ಪಿ ತಾನಾಗಿ ಇಳಿಯುತ್ತದೆ, ಒಳಗೆ ಸೋಂಕು ಇದ್ದರೂ ಆ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಅದನ್ನು ನಂಬಿ ಸುಮ್ಮನಾಗಬಾರದು.

ಎರಡನೇ ತೊಂದರೆ ಮೆದುಳಿನದು. ಅದನ್ನು ಹಿಡಿಯುವ ಸಾಧನ ಒಂದು ಕಾಗದ, ಒಂದು ಪೆನ್ನು. ಹತ್ತು ಅಂಕದ ಪರೀಕ್ಷೆಯನ್ನು ದಿನಕ್ಕೆ ಎರಡು ಮೂರು ಸಲ ಮಾಡುತ್ತಾರೆ. ವರ್ಷ, ತಿಂಗಳು, ಊರು, ಆಸ್ಪತ್ರೆ ಹೇಳಿದರೆ ನಾಲ್ಕು ಅಂಕ. ಮೂರು ವಸ್ತು ತೋರಿಸಿ ಹೆಸರು ಕೇಳಿದರೆ ಮೂರು. ಹೇಳಿದಂತೆ ಎರಡು ಬೆರಳು ಎತ್ತಿದರೆ ಒಂದು. ನೂರರಿಂದ ಹತ್ತತ್ತು ಕಳೆಯುತ್ತ ಹಿಂದಕ್ಕೆ ಎಣಿಸಿದರೆ ಒಂದು. ಒಂದು ವಾಕ್ಯ ಬರೆದರೆ ಒಂದು. ಬರಹವೇ ಬಹಳ ಸಲ ಮೊದಲು ಕೆಡುವುದು. ನಿನ್ನೆ ಗೆರೆಯ ಮೇಲೆ ನೆಟ್ಟಗೆ ಕೂತಿದ್ದ ಅಕ್ಷರಗಳು ಇಂದು ನಡುಗಿ ಒಂದರ ಮೇಲೊಂದು ಹತ್ತಿರುತ್ತವೆ, ರೋಗಿ ಇನ್ನೂ ಸರಿಯಾಗಿಯೇ ಮಾತಾಡುತ್ತಿರುತ್ತಾನೆ. ಕನ್ನಡ ಬರೆಯುವ ರೋಗಿಯಿಂದ ಕನ್ನಡದಲ್ಲೇ, ದಿನವೂ ಅದೇ ವಾಕ್ಯ ಬರೆಸಬೇಕು. ಚಿಕಿತ್ಸೆಗೆ ಮೊದಲು ಬರೆದ ಹಾಳೆ ಹೋಲಿಕೆಗೆ ಬೇಕೇ ಬೇಕು. ಟೊಸಿಲಿಜುಮಾಬ್ ಮೆದುಳಿಗೆ ಸರಿಯಾಗಿ ದಾಟದ ಕಾರಣ ಇಲ್ಲಿ ಮದ್ದು ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್, ಸಾಮಾನ್ಯವಾಗಿ ಆರು ಗಂಟೆಗೊಮ್ಮೆ 10 ಮಿಲಿಗ್ರಾಂ. ಸ್ಟಿರಾಯ್ಡ್ ಕೊಟ್ಟರೆ ಕಾರ್-ಟಿ ಕೋಶಗಳೆಲ್ಲ ಸತ್ತುಹೋಗುತ್ತವೆ ಎಂಬ ಹೆದರಿಕೆ ಮೊದಲಿತ್ತು. ಬೇಕಾದಷ್ಟು ದಿನ ಮಾತ್ರ ಕೊಟ್ಟು ನಿಲ್ಲಿಸಿದರೆ ಪರಿಣಾಮಕ್ಕೆ ದೊಡ್ಡ ಧಕ್ಕೆ ಇಲ್ಲ ಎಂಬುದು ಈಗಿನ ಅನುಭವ.

ಮನೆಗೆ ಹೋದ ಮೇಲೂ ಬಿ ಕೋಶಗಳು ಇರುವುದಿಲ್ಲ, ಹೊಸ ಪ್ರತಿಕಾಯಗಳು ತಯಾರಾಗುವುದಿಲ್ಲ. ರಕ್ತದ ಮುಖ್ಯ ಪ್ರತಿಕಾಯವಾದ ಐಜಿಜಿ ಡೆಸಿಲೀಟರಿಗೆ 400 ಮಿಲಿಗ್ರಾಂಗಿಂತ ಇಳಿದು ಸೋಂಕು ಮರುಕಳಿಸುತ್ತಿದ್ದರೆ ತಿಂಗಳಿಗೊಮ್ಮೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ (ಇಮ್ಯುನೊಗ್ಲಾಬ್ಯುಲಿನ್) ಹಾಕಿಸಬೇಕಾಗುತ್ತದೆ, ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ನಮ್ಮ ಕಡೆ ಹೆಪಟೈಟಿಸ್ ಬಿ ಮತ್ತು ಕ್ಷಯದ ಪರೀಕ್ಷೆಯನ್ನು ಬಿಡಲೇಬಾರದು. ಹಿಂದೆ ಹೆಪಟೈಟಿಸ್ ಬಿ ಬಂದುಹೋಗಿದ್ದವರಲ್ಲಿ ಬಿ ಕೋಶ ಇಲ್ಲವಾದಾಗ ವೈರಸ್ ಮತ್ತೆ ಎದ್ದು ಯಕೃತ್ತನ್ನು ಕೆಡಿಸಬಹುದು. ದಿನಕ್ಕೊಂದು ಗುಳಿಗೆಯಿಂದ ತಡೆಯಬಹುದಾದದ್ದು ಇದು.

ಮರುಕಳಿಸುವುದು ಏಕೆ

ಎರಡು ದಾರಿಗಳಿವೆ. ಒಂದು, ಕಾರ್-ಟಿ ಕೋಶಗಳು ಬೇಗ ಕಣ್ಮರೆಯಾಗುವುದು ಅಥವಾ ದಣಿಯುವುದು. ಬಿಡುವಿಲ್ಲದೆ ಪ್ರಚೋದನೆ ಸಿಕ್ಕ ಟಿ ಕೋಶದ ಮೈಮೇಲೆ ಪಿಡಿ-1, ಟಿಮ್-3ರಂಥ ತಡೆಗಳು ಏರಿ, ಕೋಶ ಬದುಕಿದ್ದೂ ಕೊಲ್ಲುವುದಿಲ್ಲ. ಲುಕೇಮಿಯಾದಲ್ಲಿ ಬಿ ಕೋಶಗಳು ಆರು ತಿಂಗಳೊಳಗೆ ಮರಳಿದರೆ ಕಾರ್-ಟಿ ಹೋಗಿದೆ ಎಂಬ ಸೂಚನೆ, ಆಗ ಅಸ್ಥಿಮಜ್ಜೆ ಕಸಿಯ ಮಾತು ಬರುತ್ತದೆ. ಇನ್ನೊಂದು, ಗುರಿಯೇ ಮಾಯವಾಗುವುದು. ಸಿಡಿ19 ಜೀನಿನ ಎರಡನೇ ತುಂಡನ್ನು ಬಿಟ್ಟು ಪ್ರೋಟೀನು ತಯಾರಿಸುವ ಲುಕೇಮಿಯಾ ಕೋಶಗಳಿವೆ. ಕಾರ್ ಹಿಡಿಯುವ ಭಾಗ ಅದರಲ್ಲಿ ಇರುವುದಿಲ್ಲ. ಸಿಡಿ19 ಜೊತೆಗೆ ಸಿಡಿ22 ಎಂಬ ಬಿ ಕೋಶದ ಇನ್ನೊಂದು ಪ್ರೋಟೀನನ್ನೂ ಹಿಡಿಯುವ ಕಾರ್‌ಗಳ ಪ್ರಯತ್ನ ನಡೆದಿರುವುದು ಇದಕ್ಕೆ.

ವಾಹಕ ಡಿಎನ್‌ಎಗೆ ಕೂರುವುದರಿಂದ ಟಿ ಕೋಶವೇ ಕ್ಯಾನ್ಸರ್ ಆದೀತೇ ಎಂಬ ಪ್ರಶ್ನೆಗೆ ಉತ್ತರ, ಅಪರೂಪಕ್ಕೆ ಹೌದು. 2023ರ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ 27,000ಕ್ಕೂ ಹೆಚ್ಚು ಡೋಸ್ ಕೊಟ್ಟಿದ್ದು, 22 ಟಿ ಕೋಶ ಕ್ಯಾನ್ಸರ್ ಪ್ರಕರಣಗಳು ಅಲ್ಲಿನ ಔಷಧ ನಿಯಂತ್ರಕರ ಗಮನಕ್ಕೆ ಬಂದಿದ್ದವು. 2024ರ ಜನವರಿಯಲ್ಲಿ ಎಲ್ಲ ಕಾರ್-ಟಿ ಔಷಧಗಳ ಮೇಲೂ ಈ ಎಚ್ಚರಿಕೆ ಮುದ್ರಿಸಲು ಅವರು ಹೇಳಿದರು. ಬೇರೆ ಔಷಧ ಕೈಕೊಟ್ಟಿರುವ ಲಿಂಫೋಮಾ ರೋಗಿಗೆ ಈ ಅಪಾಯ ತೆಗೆದುಕೊಳ್ಳುವುದು ನ್ಯಾಯವೇ. ಮುಂದೆ ಹೇಳುವ, ಕ್ಯಾನ್ಸರ್ ಅಲ್ಲದ ಲೂಪಸ್ ಎಂಬ ರೋಗದಲ್ಲಿ ತಕ್ಕಡಿ ಬೇರೆ.

ಮುಂಬೈ, ಬೊಮ್ಮಸಂದ್ರ

ಅಮೆರಿಕದಲ್ಲಿ 2017ರ ಆಗಸ್ಟ್‌ನಲ್ಲಿ ಮೊದಲ ಕಾರ್-ಟಿ ಔಷಧ ಕಿಮ್ರಿಯಾಗೆ ಒಪ್ಪಿಗೆ ಸಿಕ್ಕಾಗ ಬೆಲೆ 4,75,000 ಡಾಲರ್. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಅವರ ಪ್ರಯೋಗಾಲಯ ಮತ್ತು ಟಾಟಾ ಮೆಮೋರಿಯಲ್ ಆಸ್ಪತ್ರೆ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಔಷಧಕ್ಕೆ 2023ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಒಪ್ಪಿಗೆ ಸಿಕ್ಕಿತು. ಆಗ ಬೆಲೆ 40 ಲಕ್ಷ ರೂಪಾಯಿಯ ಆಸುಪಾಸಿನಲ್ಲಿತ್ತು. ಅತಿ ದುಬಾರಿ ಭಾಗವಾದ ಲೆಂಟಿವೈರಸ್ ವಾಹಕವನ್ನು ಇಲ್ಲೇ ತಯಾರಿಸಿಕೊಂಡದ್ದು ಬೆಲೆ ಇಳಿಯಲು ಮುಖ್ಯ ಕಾರಣಗಳಲ್ಲಿ ಒಂದು. ಹಿಡಿಯುವ ಭಾಗವನ್ನೂ ಇಲಿಯ ಪ್ರತಿಕಾಯದಿಂದ ಮನುಷ್ಯರದ್ದಕ್ಕೆ ಹತ್ತಿರವಾಗುವಂತೆ ಬದಲಿಸಿದ್ದಾರೆ. 2025ರಲ್ಲಿ ಪ್ರಕಟವಾದ ಪ್ರಯೋಗದ ವರದಿಯಲ್ಲಿ ಸುಮಾರು 73% ರೋಗಿಗಳಲ್ಲಿ ರೋಗ ತಗ್ಗಿತ್ತು.

ಬೆಂಗಳೂರಿನ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿ ಆವರಣದಲ್ಲಿ ಇಮ್ಯುನೀಲ್ ಸಂಸ್ಥೆ ತಯಾರಿಸುವ ಕಾರ್ಟೆಮಿ ಎಂಬ ಕಾರ್-ಟಿ ಔಷಧ 2025ರ ಜನವರಿಯಲ್ಲಿ ಬಂತು. ಮೂಲ ಬಾರ್ಸಿಲೋನಾದ ಹಾಸ್ಪಿಟಲ್ ಕ್ಲಿನಿಕ್‌ನದು, ಬಿ ಕೋಶದ ಲಿಂಫೋಮಾ ಇರುವ ವಯಸ್ಕರಿಗೆ. ಬಾರ್ಸಿಲೋನಾದವರು ರೂಢಿಸಿದ ಒಂದು ಕ್ರಮ ನನಗೆ ಬಹಳ ವಿವೇಕದ್ದೆನಿಸುತ್ತದೆ. ಇಡೀ ಡೋಸನ್ನು ಒಮ್ಮೆಗೇ ಹರಿಸದೆ ಮೊದಲು 10%, ಸಿಆರ್‌ಎಸ್ ಕಾಣದಿದ್ದರೆ 30%, ಆಮೇಲೆ ಉಳಿದ 60% ಕೊಡುತ್ತಾರೆ. ಬೆಳೆಯುವ ಔಷಧವನ್ನು ಹಿಂದಕ್ಕೆ ತೆಗೆಯಲಾಗದು, ಆದರೆ ಮುಂದಿನ ಪಾಲನ್ನು ತಡೆಹಿಡಿಯಬಹುದು.

ಲೂಪಸ್‌ಗೆ ಅದೇ ಕೋಶ

ಲೂಪಸ್‌ನಲ್ಲಿ ಕ್ಯಾನ್ಸರ್ ಇಲ್ಲ. ದಾರಿ ತಪ್ಪಿದ ಬಿ ಕೋಶಗಳು ದೇಹದ ಸ್ವಂತ ಡಿಎನ್‌ಎ ವಿರುದ್ಧವೇ ಪ್ರತಿಕಾಯ ತಯಾರಿಸುತ್ತವೆ. ಅವು ಮೂತ್ರಪಿಂಡ, ಕೀಲು, ಚರ್ಮಗಳಲ್ಲಿ ಕೂತು ಉರಿಯೂತ ಎಬ್ಬಿಸುತ್ತವೆ. ಬಿ ಕೋಶ ಅಳಿಸುವ ರಿಟುಕ್ಸಿಮ್ಯಾಬ್ ಹಲವು ವರ್ಷಗಳಿಂದ ಇದೆ. ಅದನ್ನು ಕೊಟ್ಟಾಗ ರಕ್ತದಲ್ಲಿ ಬಿ ಕೋಶ ಕಾಣದಾದರೂ ದುಗ್ಧಗ್ರಂಥಿ, ಅಂಗಾಂಶಗಳ ಒಳಗೆ ಉಳಿದುಬಿಡುತ್ತವೆ, ರೋಗ ಮರಳುತ್ತದೆ. ಕಾರ್-ಟಿ ಕೋಶಕ್ಕೆ ಆ ಮೂಲೆಗಳಿಗೂ ನಡೆದುಹೋಗುವ ಶಕ್ತಿ ಇದೆ.

ಜರ್ಮನಿಯ ಎರ್ಲಾಂಗನ್‌ನಲ್ಲಿ ಗಿಯೋರ್ಗ್ ಶೆಟ್ ಅವರ ತಂಡ 2021ರಲ್ಲಿ ಒಬ್ಬ ರೋಗಿಯ, 2022ರಲ್ಲಿ ಐವರ, 2024ರಲ್ಲಿ ಹದಿನೈದು ಮಂದಿಯ ಫಲಿತಾಂಶ ಪ್ರಕಟಿಸಿತು. ಆ ಹದಿನೈದರಲ್ಲಿ ಎಂಟು ಲೂಪಸ್, ಉಳಿದವು ಸ್ನಾಯುವಿನ ಉರಿಯೂತ ಮತ್ತು ಚರ್ಮ ಬಿಗಿಯುವ ಸ್ಕ್ಲೀರೋಸಿಸ್. ಲೂಪಸ್‌ನ ಎಂಟೂ ಮಂದಿಯಲ್ಲಿ ರೋಗ ಶಮನವಾಯಿತು, ಹದಿನೈದೂ ಮಂದಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳನ್ನು ನಿಲ್ಲಿಸಿದರು.

ಇದರಲ್ಲಿ ನಿಜಕ್ಕೂ ಬೆರಗು ಹುಟ್ಟಿಸುವುದು ಮುಂದಿನದು. ಸರಾಸರಿ 110 ದಿನಗಳ ಸುಮಾರಿಗೆ ಬಿ ಕೋಶಗಳು ಮರಳಿ ಬಂದವು, ರೋಗ ಬರಲಿಲ್ಲ. ಮರಳಿದವು ಅಸ್ಥಿಮಜ್ಜೆಯಿಂದ ಹೊಸದಾಗಿ ಹುಟ್ಟಿದ ಎಳೆಯ ಕೋಶಗಳು, ಹಳೆಯ ತಪ್ಪು ನೆನಪು ಅವಕ್ಕಿರಲಿಲ್ಲ. ದಡಾರದಂಥ ಲಸಿಕೆಗಳಿಂದ ಬಂದ ಹಳೆಯ ಪ್ರತಿಕಾಯಗಳು ಬಹುಪಾಲು ಉಳಿದುಕೊಂಡವು, ಏಕೆಂದರೆ ಅವನ್ನು ತಯಾರಿಸುವ ದೀರ್ಘಾಯುಷಿ ಪ್ಲಾಸ್ಮಾ ಕೋಶಗಳ ಮೇಲೆ ಸಿಡಿ19 ಇರುವುದಿಲ್ಲ. ಡಿಎನ್‌ಎ ವಿರುದ್ಧದ ಪ್ರತಿಕಾಯಗಳು ಮಾತ್ರ ಇಲ್ಲವಾದವು. ಅಂದರೆ ಅವನ್ನು ತಯಾರಿಸುತ್ತಿದ್ದದ್ದು ಇನ್ನೂ ಸಿಡಿ19 ಹೊತ್ತಿದ್ದ, ಅಲ್ಪಾಯುಷಿ ಕೋಶಗಳು. ಲೂಪಸ್‌ನ ಹುಟ್ಟಿನ ಬಗ್ಗೆ ಇಷ್ಟು ಸ್ಪಷ್ಟವಾದ ಸುಳಿವು ಚಿಕಿತ್ಸೆಯೊಂದರಿಂದಲೇ ಸಿಕ್ಕಿತು. ಸಿಆರ್‌ಎಸ್ ಕೂಡ ಈ ರೋಗಿಗಳಲ್ಲಿ ಹೆಚ್ಚಾಗಿ ಬರೀ ಜ್ವರಕ್ಕೆ ಮುಗಿಯಿತು. ಗುರಿಯಾದ ಕೋಶಗಳು ಲುಕೇಮಿಯಾದಲ್ಲಿದ್ದಷ್ಟು ಇಲ್ಲದಿರುವುದು ಇದಕ್ಕೆ ಕಾರಣ.

ಹಾಗೆಂದು ಪ್ರತಿ ಲೂಪಸ್ ರೋಗಿಗೂ ಮೂರು ದಿನ ಕೀಮೋ, ಡಿಎನ್‌ಎಗೆ ಕಾಯಂ ಆಗಿ ಕೂರುವ ಜೀನು ಎಂದರೆ ಭಾರವಾಯಿತು. ಸಂತಾನದ ಯೋಚನೆಯಲ್ಲಿರುವ ಇಪ್ಪತ್ತೈದರ ಹೆಣ್ಣುಮಗಳಿಗೆ ಸೈಕ್ಲೊಫಾಸ್ಫಮೈಡ್ ಸಣ್ಣ ಮಾತಲ್ಲ. ಇಲ್ಲಿಯೇ ದೇಹದೊಳಗೇ ಕಾರ್-ಟಿ ತಯಾರಿಸುವ ಪ್ರಯತ್ನಕ್ಕೆ ಬೆಲೆ. 2025ರಲ್ಲಿ ಕ್ಯಾಪ್‌ಸ್ಟನ್ ಎಂಬ ಕಂಪನಿಯ ತಂಡ, ಟಿ ಕೋಶಗಳನ್ನೇ ಹುಡುಕಿ ಅಂಟುವ ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ಕಾರ್‌ನ ಎಂಆರ್‌ಎನ್‌ಎ (ಪ್ರೋಟೀನು ತಯಾರಿಸಲು ಹೇಳುವ ತಾತ್ಕಾಲಿಕ ಸಂದೇಶ) ತುಂಬಿ ಮಂಗಗಳಿಗೆ ಚುಚ್ಚಿ, ಬಿ ಕೋಶಗಳು ಇಳಿಯುವುದನ್ನು ತೋರಿಸಿತು. ಸಂಗ್ರಹವಿಲ್ಲ, ಕೀಮೋ ಇಲ್ಲ, ಎಂಆರ್‌ಎನ್‌ಎ ಕೆಲವೇ ದಿನಗಳಲ್ಲಿ ಕರಗುತ್ತದೆ, ಡಿಎನ್‌ಎಗೆ ಏನೂ ಸೇರುವುದಿಲ್ಲ. ಕ್ಯಾನ್ಸರ್‌ಗೆ ಈ ಅಲ್ಪಾವಧಿ ಸಾಲದೆ ಹೋಗಬಹುದು, ಅಲ್ಲಿ ವೈರಸ್ ವಾಹಕವನ್ನೇ ನೇರವಾಗಿ ರಕ್ತಕ್ಕೆ ಕೊಡುವ ಇನ್ನೊಂದು ದಾರಿ ಇದೆ. ವುಹಾನ್‌ನಲ್ಲಿ ನಾಲ್ವರು ಮೈಲೋಮಾ (ಪ್ಲಾಸ್ಮಾ ಕೋಶಗಳ ಕ್ಯಾನ್ಸರ್) ರೋಗಿಗಳಲ್ಲಿ ಅದರ ಮೊದಲ ಫಲಿತಾಂಶ 2025ರಲ್ಲೇ ಬಂದಿದೆ. ಆದರೆ ಕೋಣೆಯಲ್ಲಿ ಕೋಶಗಳನ್ನು ಬೆಳೆಸುವಾಗ ಇರುವ ಎಲ್ಲ ಪರೀಕ್ಷೆಗಳೂ, ವಾಹಕ ಎಷ್ಟು ಪ್ರತಿ ಕೂತಿದೆ, ಯಾವ ಕೋಶಕ್ಕೆ ಹೋಗಿದೆ ಎಂಬ ಎಣಿಕೆಯೂ ಇಲ್ಲಿ ಚುಚ್ಚುವ ಮೊದಲು ಸಾಧ್ಯವಿಲ್ಲ. 2018ರ ಆ ಒಂದು ಲುಕೇಮಿಯಾ ಕೋಶದಂಥದ್ದು ರಕ್ತದಲ್ಲೇ ನಡೆದರೆ ಕಂಡುಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ, ವಾಹಕವು ಟಿ ಕೋಶವನ್ನು ಬಿಟ್ಟು ಬೇರೆ ಕಡೆ ಹೋಗದಂತೆ ಎಷ್ಟು ಬಿಗಿಯಾಗಿ ಕಟ್ಟುತ್ತಾರೆ ಎಂಬುದರಲ್ಲಿ ಉತ್ತರವಿದೆ. ಈಗ ಹಲವು ತಂಡಗಳು ದುಡಿಯುತ್ತಿರುವುದು ಆ ಬಿಗಿಯ ಮೇಲೆ.